ಕಾಫಿಗೆ ನಿಲ್ಲದವರು

ಭಾನುವಾರದ ಕನ್ನಡ ಆರಾಧನೆ ಮುಗಿದು, ಸಭಾಪಾಲಕರು ಆಶೀರ್ವಚನ ನುಡಿದು, ಗಾಯಕವೃಂದದವರು ಕಡೆಯ ಆಮೆನ್ ಹಾಡಿದ ಮೇಲೆ ನಮ್ಮ ದೇವಾಲಯದ ಆವರಣದ ಮರದ ಕೆಳಗೆ ಕಾಫಿ ಕೊಡುತ್ತಾರೆ. ವಾರವಿಡೀ ಬೆಂಗಳೂರಿನ ಮೂಲೆಮೂಲೆಗಳಲ್ಲಿ ಚದುರಿಹೋಗಿದ್ದ ಮನೆಗಳು ಆ ಅರ್ಧ ಗಂಟೆ ಅಲ್ಲಿ ಒಂದಾಗುತ್ತವೆ. ಮದುವೆಯ ಮಾತುಕತೆ, ಮಕ್ಕಳ ಕಾಲೇಜಿನ ಸೀಟು, ಯಾರದೋ ಆಪರೇಷನ್, ಇನ್ಯಾರದೋ ಕೆಲಸದ ವರ್ಗಾವಣೆ ಎಲ್ಲವೂ ಅಲ್ಲಿಯೇ ತಿಳಿಯುತ್ತವೆ, ಅಲ್ಲಿಯೇ ಅರ್ಧ ಇತ್ಯರ್ಥವೂ ಆಗುತ್ತವೆ. ಆದರೆ ಹಿಂದಿನ ಎರಡು ಮೂರು ಬೆಂಚುಗಳಲ್ಲಿ ಕೂರುವ ಕೆಲವು ಕುಟುಂಬಗಳು ಕಾಫಿಗೆ ನಿಲ್ಲುವುದಿಲ್ಲ. ಆಶೀರ್ವಚನ ಮುಗಿಯುವಷ್ಟರಲ್ಲಿ ಮಕ್ಕಳ ಕೈಹಿಡಿದು, ಬಾಗಿಲ ಬಳಿ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು, ಬಸ್ ಸ್ಟಾಪಿನ ಕಡೆಗೆ ನಡೆದುಬಿಡುತ್ತಾರೆ. ಕೆಲವು ವರ್ಷಗಳಿಂದ ಇದನ್ನು ನೋಡುತ್ತಿದ್ದೇನೆ, ನೋಡಿದಾಗಲೆಲ್ಲ ಮನಸ್ಸಿನಲ್ಲಿ ಏನೋ ಕೊರೆಯುತ್ತದೆ.

ಅವರಲ್ಲಿ ಹೆಚ್ಚಿನವರು ಬೀದರ್ ಜಿಲ್ಲೆಯವರು. ಕಟ್ಟಡದ ಕೆಲಸಕ್ಕೆ, ಅಪಾರ್ಟ್‌ಮೆಂಟುಗಳ ಕಾವಲಿಗೆ, ಆಸ್ಪತ್ರೆ ಮತ್ತು ಮಾಲ್‌ಗಳ ಸ್ವಚ್ಛತೆಯ ಕೆಲಸಕ್ಕೆ ಬಂದವರು. ಹೊಸದಾಗಿ ಕ್ರೈಸ್ತರಾದವರಲ್ಲ. ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಆ ಸೀಮೆಯಲ್ಲಿ ಕಟ್ಟಿದ ಸಭೆಗಳಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಹಾಡಿ ಪ್ರಾರ್ಥಿಸಿಕೊಂಡು ಬಂದ, ಹೆಚ್ಚಾಗಿ ದಲಿತ ಹಿನ್ನೆಲೆಯ ಮನೆಗಳವು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರೂ, ಬ್ರಿಟಿಷ್ ಮೂಲದ ಮೆಥೊಡಿಸ್ಟರೂ, ಪ್ರೆಸ್‌ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರೂ ಸೇರಿ ದಕ್ಷಿಣ ಭಾರತ ಸಭೆಯನ್ನು (ಸಿ.ಎಸ್.ಐ.) ಕಟ್ಟಿಕೊಂಡಾಗ ಅಮೆರಿಕನ್ ಮೂಲದ ಮೆಥೊಡಿಸ್ಟರು ಅದರ ಹೊರಗೆ ಉಳಿದರು. ಹೀಗಾಗಿ ಬೀದರಿನವರು ಒಂದು ಸಭೆಯವರು, ದಕ್ಷಿಣ ಭಾರತ ಸಭೆಯ ನಾವು ಇನ್ನೊಂದು ಸಭೆಯವರು. ಆದರೆ ಹಳೇ ಮೈಸೂರು ಸೀಮೆಯ ನಮ್ಮಂಥ ಅನೇಕ ಸಭೆಗಳು ಬ್ರಿಟಿಷ್ ಮೆಥೊಡಿಸ್ಟರ ವೆಸ್ಲಿಯನ್ ಮಿಷನ್ನಿನಿಂದ ಹುಟ್ಟಿದವು. ಎರಡೂ ಕಡೆಯವರ ಬೇರು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಚಳವಳಿ ಆರಂಭಿಸಿದ ಜಾನ್ ವೆಸ್ಲಿಯಲ್ಲಿಯೇ ಇದೆ.

ಅವರನ್ನು ನಮ್ಮಲ್ಲಿ ಯಾರೂ ತಡೆದಿಲ್ಲ, ಯಾರೂ ಒರಟಾಗಿ ಮಾತಾಡಿಲ್ಲ. ಬಾಗಿಲಲ್ಲಿ ಕೈಮುಗಿದು ಆರಾಧನೆಯ ಕ್ರಮಪತ್ರಿಕೆ ಕೊಡುವವರು ಅವರಿಗೂ ಅಷ್ಟೇ ಮನಸ್ಸಿನಿಂದ ಕೈಮುಗಿಯುತ್ತಾರೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಅವರಿಗೆ ಅಡ್ಡಿಯಿಲ್ಲ. ಇಷ್ಟೆಲ್ಲ ಇದ್ದೂ ಅವರು ನಿಲ್ಲದಿದ್ದರೆ ಕಾರಣ ನಮ್ಮ ಸೌಜನ್ಯದ ಕೊರತೆಯಲ್ಲ. ನಾವು ಮಾಡಿಕೊಂಡಿರುವ ಏರ್ಪಾಡುಗಳಲ್ಲಿ ಅದನ್ನು ಹುಡುಕಬೇಕು ಎಂಬುದು ನನಗೆ ದಿನೇ ದಿನೇ ಸ್ಪಷ್ಟವಾಗುತ್ತ ಬಂದಿದೆ.

ಕೂರುವ ಜಾಗ

ಹೊಸ ಒಡಂಬಡಿಕೆಯಲ್ಲಿ ಯಾಕೋಬನು ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಚಿನ್ನದ ಉಂಗುರ ತೊಟ್ಟವನೊಬ್ಬ, ಕೊಳಕು ಬಟ್ಟೆಯ ಬಡವನೊಬ್ಬ, ಇಬ್ಬರೂ ಸಭೆಗೆ ಬರುತ್ತಾರೆ. ಒಬ್ಬನಿಗೆ ಒಳ್ಳೆಯ ಸ್ಥಳ, ಇನ್ನೊಬ್ಬನಿಗೆ ನಿಲ್ಲುವ ಜಾಗ, ಇಲ್ಲವೇ ಕಾಲ ಬಳಿಯ ನೆಲ. ಈ ಭಾಗದ ಮೇಲೆ ಪ್ರಸಂಗ ಮಾಡುವವರು ಸಾಮಾನ್ಯವಾಗಿ ಪಕ್ಷಪಾತದ ಮನಸ್ಸಿನ ಬಗ್ಗೆ ಮಾತಾಡುತ್ತಾರೆ. ಯಾಕೋಬನು ಮಾತ್ರ ಮನಸ್ಸಿಗಿಂತ ಮೊದಲು ಜಾಗದ ಮಾತೆತ್ತುತ್ತಾನೆ: ಯಾರನ್ನು ಎಲ್ಲಿ ಕೂರಿಸಿದಿರಿ ಎಂಬುದು ಅವನ ಮೊದಲ ಪ್ರಶ್ನೆ.

ಈ ದೇಶದ ಸಭೆಗಳ ಚರಿತ್ರೆಯಲ್ಲಿ ಜಾಗದ ಜಗಳ ಹಳೆಯದು. ಮದ್ರಾಸ್, ತಂಜಾವೂರುಗಳ ಸಭೆಗಳಲ್ಲಿ ಜಾತಿವಾರು ಕೂರುವುದು, ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯಲು ಹಿಂದೆಗೆಯುವುದು ನಡೆದೇ ಇತ್ತು. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಪತ್ರ ಬರೆದು, ಸಭೆಯೊಳಗಿನ ಜಾತಿಭೇದವನ್ನು ಕೂಡಲೇ, ಪೂರ್ತಿಯಾಗಿ ಬಿಡಬೇಕೆಂದಾಗ ದೊಡ್ಡ ಸಂಖ್ಯೆಯ ಜನ ಸಭೆಯನ್ನೇ ಬಿಟ್ಟುಹೋದರು. ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಕ್ಯಾಥೊಲಿಕ್ ದೇವಾಲಯವಂತೂ ಎರಡು ಜಾತಿಗಳಿಗೆ ಎರಡು ಪ್ರತ್ಯೇಕ ಅಂಕಣಗಳನ್ನಿಟ್ಟು, ನಡುವೆ ಗೋಡೆಯೆಬ್ಬಿಸಿ, ಇಬ್ಬರಿಗೂ ಬಲಿಪೀಠ ಮಾತ್ರ ಕಾಣುವಂತೆ ರೂಪಿಸಿದ ಕಟ್ಟಡ. ಆ ಗೋಡೆಯನ್ನು ಕೆಡವಿದ್ದು 1910ರಲ್ಲಿ.

ನಮ್ಮ ದೇವಾಲಯದಲ್ಲಿ ಅಂಥ ಗೋಡೆ ಎಂದೂ ಇರಲಿಲ್ಲ. ಬೆಂಚುಗಳ ಮೇಲೆ ಯಾರ ಹೆಸರೂ ಇಲ್ಲ. ಆದರೆ ಎಡಗಡೆಯ ಮೂರನೆಯ ಬೆಂಚು ಯಾವ ಮನೆತನದ್ದು, ಗಾಯಕವೃಂದದ ಹಿಂದಿನ ಸಾಲು ಯಾರದ್ದು, ಫ್ಯಾನಿನ ಕೆಳಗಿನ ಜಾಗ ಯಾವ ಹಿರಿಯರದ್ದು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಹೊಸಬರು ಅಲ್ಲಿ ಕೂತಾಗ ಯಾರೂ ಏಳಿಸುವುದಿಲ್ಲ ನಿಜ, ಆದರೆ ಆ ಮನೆಯವರು ಬಂದು ಪಕ್ಕದಲ್ಲಿ ಒಂದು ಕ್ಷಣ ನಿಂತರೆ ಹೊಸಬರಿಗೆ ಅರ್ಥವಾಗುತ್ತದೆ, ಮುಂದಿನ ವಾರ ಅವರು ಹಿಂದೆ ಹೋಗುತ್ತಾರೆ. ಹಿಂದಿನ ಬೆಂಚುಗಳು ತುಂಬುವುದು ಹೀಗೆ. ಯಾರೂ ಕೂರಿಸಿದ್ದಲ್ಲ ಎಂದು ನಾವು ಹೇಳಬಹುದು. ಯಾಕೋಬನ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಇದನ್ನು ಮುರಿಯುವ ಸಾಧನವೊಂದು ನಮ್ಮ ಆರಾಧನಾ ಕ್ರಮದೊಳಗೇ ಇದೆ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ದಕ್ಷಿಣ ಭಾರತ ಸಭೆಯು 1950ರಲ್ಲಿ ರೂಪಿಸಿದ ಕರ್ತನ ಭೋಜನದ ಆರಾಧನಾ ಕ್ರಮದಲ್ಲಿ, ಕೇರಳದ ಸುರಿಯಾನಿ ಸಂಪ್ರದಾಯದಿಂದ ತೆಗೆದುಕೊಂಡ ಸಮಾಧಾನದ ವಿಧಿಯೊಂದನ್ನು ಸೇರಿಸಲಾಯಿತು. ಕೊಡುವವರು ತಮ್ಮ ಬಲಗೈಯನ್ನು ಪಡೆಯುವವರ ಬಲಗೈಗೆ ಚಾಚುತ್ತಾರೆ, ಇಬ್ಬರೂ ಎಡಗೈಯಿಂದ ಇನ್ನೊಬ್ಬರ ಕೈಯನ್ನು ಮುಚ್ಚಿ ಹಿಡಿಯುತ್ತಾರೆ. ಸಭಾಪಾಲಕರಿಂದ ಹೊರಟ ಸಮಾಧಾನ ಕೈಯಿಂದ ಕೈಗೆ, ಸಾಲಿನಿಂದ ಸಾಲಿಗೆ ಸಭೆಯ ಕೊನೆಯವರೆಗೂ ತಲುಪಬೇಕು. ಮುಟ್ಟುವಿಕೆಯ ಮೇಲೆ ಇಷ್ಟೊಂದು ಕಟ್ಟಳೆಗಳಿರುವ ನಾಡಿನಲ್ಲಿ ಎರಡೂ ಕೈಗಳಿಂದ ಒಬ್ಬರನ್ನೊಬ್ಬರು ಹಿಡಿಯುವ ವಿಧಿಯನ್ನು ಆರಾಧನೆಯ ನಡುವೆ ಇಟ್ಟದ್ದು ಸಣ್ಣ ಕೆಲಸವಲ್ಲ. ನಮ್ಮಲ್ಲಿ ಅದು ಕ್ರಮೇಣ ಅಕ್ಕಪಕ್ಕದವರಿಗೆ ಕೈಮುಗಿಯುವುದಾಗಿ ಕುಗ್ಗಿತ್ತು. ಕೋವಿಡ್ ಬಂದಾಗ ಉಳಿದಿದ್ದಷ್ಟೂ ನಿಂತಿತು, ಸೋಂಕು ಹೋದ ಮೇಲೂ ಹಿಂತಿರುಗಲಿಲ್ಲ. ಈಗ ಪ್ರತಿ ಬೆಂಚಿನವರು ತಮ್ಮ ಬೆಂಚಿನವರಿಗೇ ಸಮಾಧಾನ ಹೇಳಿಕೊಳ್ಳುತ್ತಾರೆ.

ತಗಡಿನ ಮನೆಯಲ್ಲಿ

ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟದವರು ಮನೆಮನೆಯ ಪ್ರಾರ್ಥನೆಗೆ ಹೋಗುವ ರೂಢಿಯಿದೆ. ಪಟ್ಟಿ ತಯಾರಾಗುವುದು ಸದಸ್ಯರ ಪುಸ್ತಕದಿಂದ. ಆ ಪುಸ್ತಕದಲ್ಲಿ ಹೆಸರಿಲ್ಲದ ಮನೆಗೆ ಹೋದದ್ದು ಒಂದು ವರ್ಷ ಆಕಸ್ಮಿಕವಾಗಿ. ನಮ್ಮ ಜೊತೆಗಿದ್ದ ಒಬ್ಬರ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು, ನಮ್ಮ ಮನೆಗೂ ಬರ್ರಿ ಎಂದು ಕರೆದಿದ್ದರು. ಅವರ ಗುರುತು ಹತ್ತುವ ಯಾವ ವಿವರವನ್ನೂ ನಾನು ಇಲ್ಲಿ ಬರೆಯುತ್ತಿಲ್ಲ. ಅದಕ್ಕೆ ಕಾರಣ ಮುಂದೆ ಗೊತ್ತಾಗುತ್ತದೆ.

ಕಟ್ಟುತ್ತಿದ್ದ ದೊಡ್ಡ ಕಟ್ಟಡವೊಂದರ ಹಿಂದೆ ಸಾಲಾಗಿ ನಿಂತ ತಗಡಿನ ಮನೆಗಳಲ್ಲಿ ಅದೂ ಒಂದು. ನಾವು ಹೋಗುವ ಹೊತ್ತಿಗೆ ಅಕ್ಕಪಕ್ಕದ ಮನೆಗಳವರೂ ಕೂಡಿದ್ದರು. ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು, ಅದನ್ನು ಒರೆಸಿ ಒರೆಸಿ ನಮ್ಮಲ್ಲಿ ಹಿರಿಯರಾದವರಿಗೆ ಹಾಕಿದರು. ಉಳಿದವರಿಗೆ ಮಡಿಸಿಟ್ಟಿದ್ದ ಹೊಸ ಚಾದರ ಹಾಸಿದರು. ಮನೆಯವರು ಬರಿ ನೆಲದ ಮೇಲೆ, ಬಾಗಿಲ ಹತ್ತಿರ ಕೂತರು. ಆ ಮನೆಯ ಅಜ್ಜಿ ಕಣ್ಣು ಮುಚ್ಚಿ ಭಜನೆ ಎತ್ತಿಕೊಂಡರು, ಒಬ್ಬ ಹುಡುಗ ಢೋಲಕ್ ಹಿಡಿದ, ಇಬ್ಬರು ಹೆಂಗಸರು ತಾಳ ಹಾಕಿದರು. ಯೇಸುವಿನ ಶಿಲುಬೆಯ ಹಾದಿಯನ್ನು ಊರಿಂದ ಊರಿಗೆ ನಡೆಯುವವರ ಹಾದಿಯಂತೆ ಹೇಳುವ ಹಾಡು ಅದು. ಪುಸ್ತಕವಿರಲಿಲ್ಲ, ಎಲ್ಲರಿಗೂ ಬಾಯಿಪಾಠ. ನಮ್ಮ ದೇವಾಲಯದಲ್ಲಿ ತುಟಿ ಅಲ್ಲಾಡಿಸದೆ ಕೀರ್ತನೆ ಪುಸ್ತಕ ಹಿಡಿದು ನಿಲ್ಲುತ್ತಿದ್ದ ಅದೇ ಜನ ಇಲ್ಲಿ ಇಡೀ ಸಾಲು ನಡುಗುವಂತೆ ಹಾಡಿದರು.

ಪ್ರಾರ್ಥನೆ ಮುಗಿದ ಮೇಲೆ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ ಬಂದವು. ಊಟದ ನಡುವೆ ನಾನು ಆ ತಾಯಿಯನ್ನು ಕೇಳಿದೆ: ಆರಾಧನೆ ಮುಗಿದ ಕೂಡಲೇ ಹೊರಟುಬಿಡುತ್ತೀರಲ್ಲ, ಯಾಕೆ? ಅವರು ಬೇಸರವಿಲ್ಲದೆ ಹೇಳಿದರು: “ನಿಂತ್ರ ಯಾರ ಕೂಡ ಮಾತಾಡಬೇಕ್ರಿ ಅಕ್ಕೋರೆ? ಎಲ್ಲಾರೂ ತಂತಮ್ಮ ಮಂದಿ ಕೂಡ ನಿಂತಿರ್ತಾರ. ನಾವು ಲೋಟ ಹಿಡ್ಕೊಂಡು ಗ್ವಾಡಿ ಕಡೆ ಮುಖ ಮಾಡಿ ನಿಂದ್ರಬೇಕಾ?” ನಮ್ಮೊಡನೆ ಬಂದಿದ್ದವರಲ್ಲಿ ಒಬ್ಬರು, ಸದಸ್ಯರಾಗಿ ಹೆಸರು ಬರೆಸಿಕೊಳ್ಳಿ, ಆಗ ಎಲ್ಲರ ಪರಿಚಯವಾಗುತ್ತದೆ ಎಂದರು. ಅಜ್ಜಿ ತಟ್ಟನೆ ತಲೆಯೆತ್ತಿ ನೋಡಿದರು. “ಬ್ಯಾಡ್ರಿ, ಹೆಸರು ಬರೀಬ್ಯಾಡ್ರಿ. ಮೊಮ್ಮಗಳು ಹಾಸ್ಟೆಲ್‌ನ್ಯಾಗ ಇದ್ದು ಓದಲಾಕತ್ಯಾಳ.”

ಪುಸ್ತಕದಲ್ಲಿ ಹೆಸರು

ಮನೆಯವರು ಕ್ರೈಸ್ತರೆಂದು ದಾಖಲಾದರೆ, ಪರಿಶಿಷ್ಟ ಜಾತಿಯ ಲೆಕ್ಕದಲ್ಲಿ ಸಿಗುವ ಸೌಲಭ್ಯ ಮೊಮ್ಮಗಳ ಕೈತಪ್ಪೀತೆಂಬ ಭಯ ಅದು. ಆ ಒಂದು ಮಾತಿನ ಹಿಂದೆ ಏಳು ದಶಕಗಳ ಕಾನೂನು ಇದೆ. 1950ರ ರಾಷ್ಟ್ರಪತಿಗಳ ಆದೇಶವು ಹಿಂದೂ ಧರ್ಮವಲ್ಲದ ಬೇರೆ ಧರ್ಮವನ್ನು ಅನುಸರಿಸುವವರನ್ನು ಪರಿಶಿಷ್ಟ ಜಾತಿಯವರೆಂದು ಎಣಿಸುವಂತಿಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರೊಳಗೆ ತರಲಾಯಿತು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. 1985ರಲ್ಲಿ ಸೂಸೈ ಎಂಬ ಚಪ್ಪಲಿ ಹೊಲಿಯುವ ಕ್ರೈಸ್ತರೊಬ್ಬರು ಸುಪ್ರೀಂ ಕೋರ್ಟಿಗೆ ಹೋದಾಗ, ಮತಾಂತರದ ನಂತರವೂ ಅದೇ ಪ್ರಮಾಣದ ಸಾಮಾಜಿಕ ಅನನುಕೂಲ ಮುಂದುವರಿದಿದೆ ಎಂಬುದಕ್ಕೆ ಸಾಕಷ್ಟು ಆಧಾರ ಒದಗಿಸಿಲ್ಲವೆಂದು ಅರ್ಜಿ ಬಿದ್ದುಹೋಯಿತು. 2022ರಲ್ಲಿ ಕೇಂದ್ರ ಸರ್ಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಈ ಪ್ರಶ್ನೆಗೊಂದು ಆಯೋಗವನ್ನು ನೇಮಿಸಿತು. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ದೀಕ್ಷಾಸ್ನಾನ ಪಡೆದು ದೇವಾಲಯಕ್ಕೆ ಹೋಗುತ್ತಿರುವವರು ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಬಗೆಯುವ ವಂಚನೆ ಎಂದಿತು.

ಇದರ ಜೊತೆಗೆ 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ನಿಷೇಧ ಕಾನೂನು ಬೇರೆ. ಮತ ಬದಲಿಸುವವರು 30 ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದು ಅದು ಹೇಳಿತು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತಾದರೂ, ಆ ನಡುವೆ ಸಣ್ಣ ಸಣ್ಣ ಪ್ರಾರ್ಥನಾ ಕೂಟಗಳ ಮೇಲೆ ಬಿದ್ದ ಭಯ ಸಂಪುಟದ ತೀರ್ಮಾನದಿಂದ ಹೋಗುವಂಥದ್ದಲ್ಲ. ಮೂರು ತಲೆಮಾರಿನಿಂದ ಕ್ರೈಸ್ತರಾದ ಮನೆಯಲ್ಲೂ ಯಾರಾದರೂ ಪುಸ್ತಕ ತೆರೆದು ಹೆಸರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಮನೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡವರನ್ನು ಗಟ್ಟಿಯಿಲ್ಲದ ವಿಶ್ವಾಸಿಗಳು ಎಂದು ನಮ್ಮ ಸಭೆಗಳಲ್ಲಿ ಹೇಳುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ದೇವಾಲಯದೊಳಗೂ ಊರಿನೊಳಗೂ ಜಾತಿಯ ಹೆಸರಿನಿಂದಲೇ ಗುರುತಿಸಲ್ಪಡುವವಳಿಗೆ, ಕ್ರಿಸ್ತನ ಹೆಸರು ಹೇಳಿದ ಮಾತ್ರಕ್ಕೆ ನಿನ್ನ ಜಾತಿಯ ಕಷ್ಟ ತೀರಿತು ಎಂದು ಹೇಳುವ ವ್ಯವಸ್ಥೆಯಲ್ಲಿ ಮೊದಲು ಲೆಕ್ಕ ಕೊಡಬೇಕಾದವರು ಆಕೆಯಲ್ಲ. ನಮ್ಮ ನಗರದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಅವರು 1980ರ ದಶಕದ ಆರಂಭದಲ್ಲೇ, ಭಾರತದ ಸಭೆಯಲ್ಲಿ ಬಹುಸಂಖ್ಯಾತರು ದಲಿತರಾಗಿರುವಾಗ ಅದರ ದೇವತಾಶಾಸ್ತ್ರ, ಎಂದರೆ ದೇವರ ಬಗೆಗಿನ ಚಿಂತನೆ, ಮಾತ್ರ ಮೇಲ್ಜಾತಿಯಿಂದ ಬಂದವರ ಅನುಭವದ ಮೇಲೆ ನಿಂತಿರುವುದೇಕೆ ಎಂದು ಕೇಳಿದರು. ದಲಿತ ದೇವತಾಶಾಸ್ತ್ರವೆಂದು ಇಂದು ಜಗತ್ತಿನ ಅನೇಕ ಕಡೆ ಓದುವ ವಿಷಯ ಬೆಳೆದದ್ದು ಆ ಪ್ರಶ್ನೆಯಿಂದ. ಅದು ಹುಟ್ಟಿದ ಕಾಲೇಜು ನಮ್ಮ ದೇವಾಲಯದಿಂದ ದೂರವಿಲ್ಲ, ನಮ್ಮ ಸಭಾಪಾಲಕರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಕಲಿತವರು. ಆದರೂ ಆ ಪ್ರಶ್ನೆ ಪರೀಕ್ಷೆಯ ಉತ್ತರ ಪತ್ರಿಕೆಯಿಂದ ಹಿಂದಿನ ಬೆಂಚಿನವರೆಗೆ ನಡೆದುಬಂದಿಲ್ಲ.

ನನ್ನ ವಾದ ಇಷ್ಟೇ: ಸರ್ಕಾರದ ಕಣ್ಣಿಗೆ ಬೀಳಬಹುದಾದ ಪುಸ್ತಕದಲ್ಲಿ ಹೆಸರಿರಬೇಕೆಂಬ ಷರತ್ತಿನ ಮೇಲೆ ಯಾರೂ ನಮ್ಮವರಾಗಬೇಕಾಗಿಲ್ಲ. ಚುನಾವಣೆಗೆ, ಮತದಾನಕ್ಕೆ ಪುಸ್ತಕ ಬೇಕು, ಒಪ್ಪುತ್ತೇನೆ. ಮನೆಭೇಟಿಗೆ, ರೋಗಿಯ ಪಕ್ಕದ ಪ್ರಾರ್ಥನೆಗೆ, ಮಕ್ಕಳ ಸಂಡೇ ಸ್ಕೂಲಿನ ಬಹುಮಾನಕ್ಕೆ, ಸತ್ತಾಗ ಮಣ್ಣಿಗೆ ಯಾಕೆ ಬೇಕು?

ಚಂದಾ

ಪುಸ್ತಕದ ಜೊತೆಗೇ ಬರುವುದು ಚಂದಾ. ತಿಂಗಳ ಚಂದಾ ಬಾಕಿಯಿದ್ದವರಿಗೆ ಮತವಿಲ್ಲ ಎಂಬುದು ಅನೇಕ ಸಭೆಗಳ ನಿಯಮ. ವರ್ಷದ ಕೊನೆಗೆ ಅಚ್ಚಾಗುವ ವರದಿಯಲ್ಲಿ ಯಾವ ಮನೆಯವರು ಎಷ್ಟು ಕೊಟ್ಟರು ಎಂಬ ಪಟ್ಟಿ ಪುಟಗಟ್ಟಲೆ ಇರುತ್ತದೆ. ಲೆಕ್ಕ ಪಾರದರ್ಶಕವಾಗಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ನಾಲ್ಕಂಕಿ ಐದಂಕಿಗಳ ನಡುವೆ ತನ್ನ ಹೆಸರಿನ ಮುಂದೆ ನೂರಿಪ್ಪತ್ತು ರೂಪಾಯಿ ಎಂದು ಅಚ್ಚಾದದ್ದನ್ನು ನೋಡಿದವಳು ಆ ಪುಸ್ತಕವನ್ನು ಮನೆಗೆ ಒಯ್ಯುವುದಿಲ್ಲ.

ಈ ಚಂದಾ ಎಲ್ಲಿಂದ ಬಂತು ಎಂದು ನೋಡಿದರೆ ವೆಸ್ಲಿಯ ಕಾಲದ ಒಂದು ಘಟನೆ ಸಿಗುತ್ತದೆ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮೆಥೊಡಿಸ್ಟ್ ಸಂಘದವರು ತಮ್ಮ ಸಭಾಮಂದಿರದ ಸಾಲ ತೀರಿಸುವುದು ಹೇಗೆಂದು ಚರ್ಚಿಸುತ್ತಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದಾಗ, ಅನೇಕರು ಅಷ್ಟನ್ನೂ ಕೊಡಲಾರದ ಬಡವರು ಎಂಬ ಆಕ್ಷೇಪ ಬಂತು. ಆಗ ಕ್ಯಾಪ್ಟನ್ ಫಾಯ್ ಎಂಬಾತ, ಅತಿ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಕೊಡಿ, ಅವರಿಂದ ಆದರೆ ಸರಿ, ಆಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ, ವಾರವಾರ ಅವರ ಮನೆಗೆ ಹೋಗಿಬರುತ್ತೇನೆ ಎಂದ. ಉಳಿದವರೂ ಹಾಗೆಯೇ ಒಪ್ಪಿಕೊಂಡರು. ಹಣ ತರಲು ಮನೆಮನೆಗೆ ಹೋದವರು ಅಲ್ಲಿಯ ಕಷ್ಟಸುಖ ತಿಳಿದುಕೊಂಡು ಬಂದರು, ಸಭೆಯ ಪಾಲನೆಗೆ ಬೇಕಾದದ್ದು ಇದೇ ಎಂದು ವೆಸ್ಲಿಗೆ ಹೊಳೆಯಿತು. ಹನ್ನೆರಡು ಮಂದಿಯ ಆ ಗುಂಪುಗಳೇ ಮುಂದೆ ಮೆಥೊಡಿಸ್ಟ್ ಸಭೆಯ ಬೆನ್ನೆಲುಬಾದವು.

ಅಂದರೆ ಚಂದಾ ಹುಟ್ಟಿದ್ದು ಕೊಡಲಾಗದವರ ಮನೆಗೆ ನಡೆದುಹೋಗುವ ಉಪಾಯವಾಗಿ. ನಮ್ಮಲ್ಲಿ ಹಣ ಉಳಿದು ನಡಿಗೆ ನಿಂತಿದೆ. ಈಗಂತೂ ಕ್ಯೂಆರ್ ಕೋಡ್ ಬಂದು, ಚಂದಾ ಕೊಡಲು ಒಬ್ಬರ ಮುಖ ಒಬ್ಬರು ನೋಡಬೇಕಾದ ಅಗತ್ಯವೂ ಇಲ್ಲವಾಗಿದೆ. ಚಂದಾ ಬೇಡ ಎಂದು ನಾನು ಹೇಳುತ್ತಿಲ್ಲ, ಕಟ್ಟಡ, ಸಂಬಳ, ಕರೆಂಟು ಬಿಲ್ಲು ಯಾವುದೂ ಪ್ರಾರ್ಥನೆಯಿಂದ ಮಾತ್ರ ನಡೆಯುವುದಿಲ್ಲ. ಆದರೆ ಹತ್ತು ಹನ್ನೆರಡು ಮನೆಗಳಿಗೊಬ್ಬರು ಹೊಣೆಗಾರರಾಗಿ, ಪುಸ್ತಕದಲ್ಲಿ ಇರುವವರು ಇಲ್ಲದವರು ಎಂದು ನೋಡದೆ, ತಿಂಗಳಿಗೊಮ್ಮೆ ಹೋಗಿಬರುವುದು ನಮ್ಮದೇ ಆಸ್ತಿ. ಅದನ್ನು ಮತ್ತೆ ಎತ್ತಿಕೊಳ್ಳಲು ಯಾವ ಡಯಾಸಿಸ್‌ನ (ಬಿಷಪ್ಪರ ಆಡಳಿತ ಪ್ರಾಂತದ) ಅನುಮತಿಯೂ ಬೇಕಿಲ್ಲ.

ಏಳುನೂರು ಕಿಲೋಮೀಟರ್

ಆ ತಗಡಿನ ಮನೆಗಳ ಸಾಲಿನಲ್ಲಿ ಒಂದು ಸಾವಾಯಿತು. ಹೃದಯಾಘಾತ, ಐವತ್ತು ದಾಟದ ಗಂಡಸು. ನಮಗೆ ಸುದ್ದಿ ಬಂದದ್ದು ಸಂಜೆ. ಸಭಾಪಾಲಕರೂ ನಾವು ಕೆಲವರೂ ಹೋಗುವಷ್ಟರಲ್ಲಿ ಬಾಡಿಗೆಯ ಆಂಬುಲೆನ್ಸ್ ಬಂದು ನಿಂತಿತ್ತು. ಬೀದರ್ ಇಲ್ಲಿಂದ ಸುಮಾರು ಏಳುನೂರು ಕಿಲೋಮೀಟರ್. ಬಾಡಿಗೆಯ ಹಣವನ್ನು ಮೇಸ್ತ್ರಿಯ ಬಳಿ ಸಾಲ ಪಡೆದಿದ್ದರು, ಅದನ್ನು ದುಡಿದು ತೀರಿಸಲು ಆ ಮನೆಯ ಹುಡುಗನಿಗೆ ತಿಂಗಳುಗಳೇ ಬೇಕು. ಊರಿನಲ್ಲಿಯೇ ಮಣ್ಣು ಮಾಡಬೇಕೆಂಬ ಆಸೆಯಿಂದ ಹೊರಟದ್ದಾಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ಆದರೆ ತೀರಿಕೊಂಡವರ ಹೆಂಡತಿ ಮರುವಾರ ಬೇರೆಯದನ್ನೇ ಹೇಳಿದರು. ಇಲ್ಲಿಯೇ ಮಾಡಬಹುದಿತ್ತು, ಮಕ್ಕಳು ಇಲ್ಲಿಯೇ ಇದ್ದಾರೆ, ನೋಡಿಕೊಂಡು ಬರಲಿಕ್ಕೂ ಹತ್ತಿರ. ಆದರೆ ನಿಮ್ಮ ಸಮಾಧಿ ಜಾಗ ಮೆಂಬರುಗಳಿಗೆ ಮಾತ್ರವಂತೆ, ಕೇಳುವುದು ಹೇಗೆ ಎಂದು ಸುಮ್ಮನಾದೆವು ಎಂದರು.

ಕೇಳಿ ಇಲ್ಲವೆನ್ನಿಸಿಕೊಂಡಿದ್ದರೆ ಆ ನಿಯಮವನ್ನು ಅಲ್ಲಿಯೇ ಪ್ರಶ್ನಿಸಬಹುದಿತ್ತು. ಅವರು ಕೇಳಲೇ ಇಲ್ಲ. ಭಾನುವಾರ ಭಾನುವಾರ ನಮ್ಮೊಡನೆ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡವರಿಗೆ, ಆರು ಅಡಿ ಮಣ್ಣಿನ ವಿಷಯ ಬಂದಾಗ ಬಾಯಿ ತೆರೆಯುವಷ್ಟು ಸಲುಗೆ ನಮ್ಮಲ್ಲಿ ಹುಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಸಮಾಧಿಗೆ ಸ್ಥಳವಿಲ್ಲ ಎಂಬುದು ನಿಜವಾದ ತೊಂದರೆ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಒಂದೇ ಗುಂಡಿಯಲ್ಲಿ ಒಂದು ಮನೆಯವರನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಇಡುವ ಕ್ರಮಕ್ಕೆ ಎಲ್ಲ ಸಭೆಗಳೂ ಬಂದಿವೆ. ಆದರೆ ಸ್ಥಳ ಕಡಿಮೆಯಿದ್ದಾಗ ಯಾರಿಗೆ ಮೊದಲು ಇಲ್ಲವೆನ್ನುತ್ತೇವೆ ಎಂಬುದು ಭೂಮಿಯ ಪ್ರಶ್ನೆಯಲ್ಲ. ಊರಿನಲ್ಲಿ ಜಮೀನಿರುವವರು, ಮನೆತನದ ಗೋರಿಯಿರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಹಾಡು, ಮೆಟ್ಟಿಲು, ಹರಾಜು

ಇನ್ನು ಕೆಲವನ್ನು ಒಟ್ಟಿಗೆ ಹೇಳುತ್ತೇನೆ. ಅವುಗಳ ಬಗ್ಗೆ ನಮ್ಮಲ್ಲಿ ಮಾತು ಶುರುವಾಗಿದೆ.

ಹಾಡಿನಲ್ಲಿ ಸ್ವಲ್ಪ ದಾರಿ ಬಿಟ್ಟುಕೊಂಡಿದೆ. ಕೀಬೋರ್ಡಿನ ಜೊತೆಗೆ ಢೋಲಕ್ ಬರಲಿ ಎಂದಾಗ ಗಾಯಕವೃಂದದವರು ಹಿಂಜರಿದರು, ಅವರ ಹಿಂಜರಿಕೆಗೆ ಕಾರಣವೂ ಇತ್ತು: ನಾಲ್ಕು ಸ್ವರಗಳಲ್ಲಿ ಹಾಡುವುದನ್ನು ವರ್ಷಗಟ್ಟಲೆ ಕಲಿತ ಶಿಸ್ತು ಅವರದು. ಈಗ ತಿಂಗಳಿನ ಒಂದು ಭಾನುವಾರ ಕಾಣಿಕೆಯ ಹೊತ್ತಿನಲ್ಲಿ ಬೀದರಿನ ಭಜನೆ ಹಾಡುತ್ತಾರೆ. ನನಗೆ ಕಾಣಿಕೆಯ ಹೊತ್ತು ಸಾಲದು. ಕಾಣಿಕೆಯ ಚೀಲ ತಿರುಗುವಾಗ ಯಾರೂ ಹಾಡನ್ನು ಕೇಳುವುದಿಲ್ಲ. ಕರ್ತನ ಭೋಜನದ ಸಮಯದಲ್ಲಿ, ಎಲ್ಲರೂ ಸಾಲಾಗಿ ಬಲಿಪೀಠದ ಕಡೆ ಬರುವಾಗ ಆ ಅಜ್ಜಿಯ ಧ್ವನಿ ಕೇಳಬೇಕು. ಹಾಗೆಯೇ ಸತ್ಯವೇದ ಓದುವ ಸರದಿ. ಓದುವವರ ಪಟ್ಟಿ ಉಚ್ಚಾರ ನೋಡಿ ತಯಾರಾಗುತ್ತದೆ, ಬೀದರಿನ ಕನ್ನಡಕ್ಕೆ ಅಲ್ಲಿ ಜಾಗ ಸಿಕ್ಕಿಲ್ಲ. ಯೇಸುವಿನ ಶಿಷ್ಯ, ಗಲಿಲಾಯದವನಾದ ಪೇತ್ರನನ್ನು ಅವನ ಮಾತಿನ ರೀತಿಯಿಂದಲೇ ಗುರುತು ಹಿಡಿದರೆಂದು ಶುಭ ಶುಕ್ರವಾರ ನಾವೇ ಓದುತ್ತೇವೆ. ಬೀದರಿನ ಹುಡುಗಿಯೊಬ್ಬಳು ಆ ಭಾಗವನ್ನು ತನ್ನ ಕನ್ನಡದಲ್ಲಿ ಓದಿದರೆ ಅದು ನಮಗೆ ಹೊಸದಾಗಿ ಕೇಳಿಸೀತು.

ದೇವಾಲಯದ ಎದುರಿನ ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ಕಟ್ಟಿದ್ದೇವೆ, ಆದರೆ ಅದು ತೀರಾ ಕಡಿದಾಗಿದೆ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ಸಾರ್ವಜನಿಕ ಕಟ್ಟಡಗಳಿಗೆ ಹೇಳುವ ಅಳತೆ. ಅಷ್ಟು ಉದ್ದಕ್ಕೆ ಹೂವಿನ ಪಾತಿ ಅಡ್ಡ ಬರುತ್ತದೆಂದು ಅರ್ಧಕ್ಕೆ ಮುಗಿಸಿದರು. ಗಾಲಿಕುರ್ಚಿಯಲ್ಲಿ ಬರುವವರನ್ನು ಈಗಲೂ ಇಬ್ಬರು ಹಿಂದಿನಿಂದ ಹಿಡಿದು ತಳ್ಳಬೇಕು. ಅವರಿಗೆ ಬೇಕಾದದ್ದು ತಾವೇ ಬರುವ ದಾರಿ. ಹೂವಿನ ಪಾತಿಯನ್ನು ಸರಿಸಬಹುದು.

ಇನ್ನು ಸುಗ್ಗಿ ಹಬ್ಬ. ಕುಂಬಳಕಾಯಿ, ಬಾಳೆಗೊನೆ, ಕೇಕು, ಕೋಳಿ ಎಲ್ಲವನ್ನೂ ಬಲಿಪೀಠದ ಮುಂದಿಟ್ಟು, ಆರಾಧನೆಯ ನಂತರ ಹರಾಜು ಹಾಕುವುದು ನಮ್ಮ ವರ್ಷದ ದೊಡ್ಡ ಸಂಭ್ರಮ. ಒಂದೇ ಕುಂಬಳಕಾಯಿಯನ್ನು ಕೊಂಡವರು ಮತ್ತೆ ಸಭೆಗೇ ಕೊಟ್ಟು, ಅದು ಮೂರು ಸಲ ಹರಾಜಾಗಿ ಸಾವಿರಾರು ರೂಪಾಯಿ ತರುವುದೂ ಉಂಟು. ದೇವಾಲಯದ ಕಟ್ಟಡ ನಿಧಿಗೆ ಅದರಿಂದ ತುಂಬ ನೆರವಾಗಿದೆ. ಆದರೆ ಊರಿನಿಂದ ತರಿಸಿದ ಹೊಸ ತೊಗರಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿಟ್ಟವರು, ಕೂಗು ಶುರುವಾದಾಗ ತಮ್ಮ ತೊಗರಿಯನ್ನೇ ಕೊಳ್ಳಲಾಗದೆ ಹೊರಡುತ್ತಾರೆ. ಆ ದಿನ ನಾವು ಓದುವ, ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯ, ಪ್ರಥಮಫಲವನ್ನು ತಂದವನು ತನ್ನ ಪೂರ್ವಜ ಅಲೆದಾಡುವ ಅರಾಮ್ಯನಾಗಿದ್ದನೆಂದು ಹೇಳಿಕೊಂಡು, ಲೇವಿಯರ ಜೊತೆಗೂ ತನ್ನ ನಡುವೆ ಇರುವ ಪರದೇಶಿಯ ಜೊತೆಗೂ ಸಂತೋಷಪಡಬೇಕೆನ್ನುತ್ತದೆ. ನಿರ್ಮಲ್ ಅವರು ತಮ್ಮ ದಲಿತ ದೇವತಾಶಾಸ್ತ್ರಕ್ಕೆ ಅಡಿಪಾಯವಾಗಿ ಹಿಡಿದದ್ದೂ ಇದೇ ಅಧ್ಯಾಯವನ್ನು. ಬೀದರಿನ ಮೆಥೊಡಿಸ್ಟರು ನವೆಂಬರಿನಲ್ಲಿ ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋಗುವುದನ್ನು ಬಿಡುವುದಿಲ್ಲ. ಎಷ್ಟೋ ಮನೆಗಳವರು ಅಲ್ಲಿ ಬಯಲಿನಲ್ಲಿ ಒಟ್ಟಿಗೆ ಅಡುಗೆ ಮಾಡಿ, ಒಟ್ಟಿಗೆ ಕೂತು ಉಣ್ಣುತ್ತಾರಂತೆ. ಹರಾಜಿನ ಜೊತೆಗೆ, ಅದಕ್ಕಿಂತ ಮೊದಲು, ತಂದ ಧಾನ್ಯದಲ್ಲಿ ಒಂದು ಪಾಲನ್ನು ಅಲ್ಲಿಯೇ ಬೇಯಿಸಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಊಟ ನಮ್ಮ ಹಬ್ಬದಲ್ಲೂ ಇರಲಿ ಎಂದು ನಾವು ಕೆಲವರು ಕೇಳುತ್ತಿದ್ದೇವೆ.

ಕಮಿಟಿಯ ಮುಂದೆ

ಇವೆಲ್ಲ ತಾವಾಗಿಯೇ ಕಾಲಕ್ರಮದಲ್ಲಿ ಆಗುತ್ತವೆ ಎನ್ನುವ ಹಿರಿಯರಿದ್ದಾರೆ. ಅವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕಾಲಕ್ರಮದ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ದಕ್ಷಿಣ ಭಾರತ ಸಭೆಯಲ್ಲಿ ಮಹಿಳೆಯರಿಗೆ ಸಭಾಪಾಲಕ ದೀಕ್ಷೆ ಸಿಕ್ಕಿದ್ದು 1970ರ ದಶಕದಲ್ಲಿ, ಮೊದಲ ಮಹಿಳಾ ಬಿಷಪ್ ಆಗಿ ಎಗ್ಗೋಣಿ ಪುಷ್ಪಲಲಿತಾ ಅವರು ನಂದ್ಯಾಲದಲ್ಲಿ ಅಧಿಕಾರ ವಹಿಸಿಕೊಂಡದ್ದು 2013ರಲ್ಲಿ. ಆ ಎರಡರ ನಡುವಿನ ವರ್ಷಗಳಲ್ಲಿ ಒಂದು ತಲೆಮಾರಿನ ಹೆಂಗಸರು ಕಾದು ನಿವೃತ್ತರಾದರು. ಕಾಯಿರಿ ಎಂದು ಹೇಳುವುದು ಈಗಾಗಲೇ ಜಾಗವಿರುವವರಿಗೆ ಸುಲಭ.

ಆದ್ದರಿಂದ ನಮ್ಮ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಮುಂದೆ ಬರಹದಲ್ಲಿ ಕೆಲವು ಸೂಚನೆಗಳನ್ನು ಇಟ್ಟಿದ್ದೇವೆ. ಆರು ತಿಂಗಳು ನಮ್ಮೊಡನೆ ಆರಾಧನೆಗೆ ಬಂದವರ ಮನೆಯಲ್ಲಿ ಸಾವಾದರೆ ಸಮಾಧಿ ಸ್ಥಳಕ್ಕೆ ಸದಸ್ಯತ್ವವನ್ನಾಗಲೀ ಚಂದಾ ಬಾಕಿಯನ್ನಾಗಲೀ ನೋಡಬಾರದು, ಸಭಾಪಾಲಕರ ಮಾತೇ ಸಾಕಾಗಬೇಕು. ವಾರ್ಷಿಕ ವರದಿಯಲ್ಲಿ ಚಂದಾದ ಒಟ್ಟು ಮೊತ್ತ ಇರಲಿ, ಮನೆವಾರು ಮೊತ್ತ ಬೇಡ. ಸಮಾಧಾನ ಕೊಡುವ ವಿಧಿ ಅದರ ಮೂಲ ರೂಪಕ್ಕೆ ಬರಲಿ, ಆದರೆ ಹಿಂದಿನ ಬೆಂಚುಗಳಿಂದ ಹೊರಟು ಮುಂದಕ್ಕೆ ಬರಲಿ. ವಲಸೆ ಬಂದ ಕುಟುಂಬಗಳು ತಾವೇ ಆರಿಸಿದ ಇಬ್ಬರನ್ನು, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರುವಂತೆ, ಕಮಿಟಿಯ ಸಭೆಗಳಿಗೆ ಆಹ್ವಾನಿತರಾಗಿ ಕರೆಯಬೇಕು. ಇದಕ್ಕೆ ಅವರ ಹೆಸರನ್ನು ಎಲ್ಲಿಯೂ ಬರೆಯಬೇಕಾಗಿಲ್ಲ.

ಸಮಾಧಿಯ ಸೂಚನೆಗೆ ವಿರೋಧ ಹೆಚ್ಚು. ಒಮ್ಮೆ ಬಾಗಿಲು ತೆರೆದರೆ ಊರಿನವರೆಲ್ಲ ಬರುತ್ತಾರೆ ಎಂದು ಒಬ್ಬರು ಹೇಳಿದರು. ಯಾರೂ ಸಮಾಧಿಗಾಗಿ ಆರು ತಿಂಗಳು ಆರಾಧನೆಗೆ ಬರುವುದಿಲ್ಲ ಎಂದು ನಾನು ಹೇಳಿದೆ, ಬಂದರೆ ಅದೂ ಒಳ್ಳೆಯದೇ. ಖಜಾಂಚಿಯವರು ಎತ್ತಿದ ಪ್ರಶ್ನೆ ಮಾತ್ರ ನ್ಯಾಯವಾದದ್ದು: ಸಮಾಧಿ ತೋಡುವವರ ಕೂಲಿ, ನಿರ್ವಹಣೆಯ ಖರ್ಚು ಎಲ್ಲಿಂದ ಬರಬೇಕು? ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಭಾಗವನ್ನು ಇದಕ್ಕೆ ತೆಗೆದಿಡಬಹುದು ಎಂಬುದು ನಮ್ಮ ಉತ್ತರ. ಅದರ ಲೆಕ್ಕವನ್ನು ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬರೆಯುತ್ತಿದ್ದಾರೆ. ಹಬ್ಬಕ್ಕೆ ಮುಂಚಿನ ಕಮಿಟಿ ಸಭೆಯಲ್ಲಿ ಇದು ಮತಕ್ಕೆ ಬರಲಿದೆ. ಅಷ್ಟರೊಳಗೆ ತಗಡಿನ ಮನೆಗಳ ಆ ಸಾಲಿಗೆ ಹೋಗಿ, ಈ ಸೂಚನೆಗಳನ್ನು ಒಂದೊಂದಾಗಿ ಓದಿ ಹೇಳಿ, ಅವರಿಗೆ ಬೇಕಾದದ್ದು ಇವೇ ಹೌದೋ ಅಲ್ಲವೋ ಎಂದು ಕೇಳಿಕೊಂಡು ಬರುವ ಕೆಲಸವನ್ನು ನಾನೂ ಕೂಟದ ಇನ್ನಿಬ್ಬರೂ ವಹಿಸಿಕೊಂಡಿದ್ದೇವೆ. ಅವರು ಬೇರೇನನ್ನಾದರೂ ಹೇಳಿದರೆ ಕಮಿಟಿಗೆ ಹೋಗುವುದು ಅದೇ.